ಹುಲ್ಲಿನ ಸುದ್ದಿ, ಶೇರಿನ ಸುದ್ದಿ

ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಸಾಕು, ಬುದ್ಧಿ ಹೇಳುವವರಿಗೆ ಬರವಿಲ್ಲ. ಈಗಂತೂ ಅವರು ಮನೆ ಬಾಗಿಲಿಗೆ ಬರಬೇಕೆಂದೂ ಇಲ್ಲ, ಇಂಟರ್ನೆಟ್‌ನಲ್ಲೇ ಕೂತು ಹೇಳುತ್ತಾರೆ. ಲಕ್ಷ್ಮಣನಿಗೂ ಹಾಗೇ ಆಯಿತು.

ಲಕ್ಷ್ಮಣ ಬೆಳಗಾವಿಯ ರವಿವಾರ ಪೇಟೆಯ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತ. ಊರು ಖಾನಾಪುರ ತಾಲೂಕಿನ ಗುಂಜಿ, ಕುರಿ ಕಾಯ್ದ ಮನೆತನ. ಅವನ ತಾಯಿ ಸತ್ಯವ್ವ ಮೊಣಕಾಲು ನೋವಿನಿಂದ ಆ ವರ್ಷ ಹಿಂಡನ್ನೇ ಮಾರಿದಳು. ಬಂದ ನಲವತ್ತು ಸಾವಿರ ರೂಪಾಯಿ, ಬೆಳಗಾವಿಯಲ್ಲಿ ನರ್ಸಿಂಗ್ ಸೇರಿದ್ದ ತಂಗಿ ಮಾಲಾಳ ಫೀಗೆ ಮೀಸಲು. ಫೀ ಕಟ್ಟಲು ಇನ್ನೂ ಒಂದು ತಿಂಗಳಿತ್ತು. ಅಷ್ಟರಲ್ಲಿ ಅದನ್ನು ದುಪ್ಪಟ್ಟು ಮಾಡುವ ಹುಚ್ಚು ಲಕ್ಷ್ಮಣನಿಗೆ ಹತ್ತಿತು.

ಕಾರಣ, ಸೈಬರ್ ಕೆಫೆಯಲ್ಲಿ ಕೂತು ಶೇರು ಚರ್ಚೆಯ ತಾಣವೊಂದರಲ್ಲಿ ಅವನು ಓದಿದ ಒಂದು ಸಲಹೆ. ‘ಬುಲ್ ರಾಜಾ’ ಎಂಬ ಹೆಸರಿನಲ್ಲಿ ಯಾರೋ ಒಂದು ಕಂಪ್ಯೂಟರ್ ಕಂಪನಿಯನ್ನು ಹೊಗಳಿದ್ದ: ನಲವತ್ತು ರೂಪಾಯಿಯ ಶೇರು ತಿಂಗಳಲ್ಲಿ ಎಂಬತ್ತಾಗುತ್ತದಂತೆ. ಕೆಳಗೆ ಆರು ಮಂದಿ ಹೌದು ಹೌದು ಎಂದು ಬರೆದಿದ್ದರು.

ಬ್ಯಾಂಕಿನಲ್ಲಿ ತನ್ನ ಹೆಸರಿನಲ್ಲಿದ್ದ ಆ ಹಣ ತೆಗೆಯಲು ಸತ್ಯವ್ವ ಮಹಾಂತೇಶ ನಗರದ ಮಗನ ಕೋಣೆಗೆ ಬಂದಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಬಾಜು ಮನೆಯ ಸಪ್ನಾ ಕೂಡ ಅವಳನ್ನು ಮಾತಾಡಿಸಲು ಬಂದು ಕೂತಿದ್ದಳು. ವಿಷಯ ಕೇಳಿ ಅವಳು ಚಹಾದ ಬಟ್ಟಲು ಕೆಳಗಿಟ್ಟಳು.

“ಇಷ್ಟೂ ರೊಕ್ಕ ಒಂದ ಶೇರಿಗೆ ಹಾಕ್ತಿ? ಹೇಳಿದಾವ ಯಾರು?”

“ಒಬ್ಬನಲ್ರಿ ಅಕ್ಕಾರ, ಏಳು ಮಂದಿ ಹೇಳ್ಯಾರ. ಅದೂ ಪುಕ್ಕಟೆ. ನಮ್ಮಾಗ ಎದುರು ಬಂದ ಕುರುಬ ‘ಆ ಕಡೆ ಹುಲ್ಲು ಐತಿ’ ಅಂದ್ರ ಹಿಂಡು ತಿರುಗಿಸೇಬಿಡ್ತೀವಿ. ಅದರಾಗ ಯಾಂವೂ ಸುಳ್ಳು ಹೇಳಂಗಿಲ್ಲ.”

ಸುಮ್ಮನೆ ಎಲೆ ಮಡಿಸುತ್ತಿದ್ದ ಸತ್ಯವ್ವ ತಲೆ ಎತ್ತಿದಳು.

“ಯಪ್ಪಾ, ಆ ಕುರುಬ ಯಾರ ಮಗ ಅಂತ ನಮಗ ಗೊತ್ತಿರತೈತಿ. ಸುಳ್ಳಾಡಿದ್ರ ಬರೋ ವರ್ಷ ಅದ ದಾರ್ಯಾಗ ಕೈಗೆ ಸಿಗತಾನ. ಮ್ಯಾಲ ಅವನ ಕುರಿ ಹೊಟ್ಟಿ ನೋಡೇ ನಾವು ಮಾತು ನಂಬತೀವಿ. ನಿನ್ನ ರಾಜಾನ ಕುರಿ ಹೊಟ್ಟಿ ನೀ ನೋಡೀಯೇನು?”



“ಅವ್ವಾರು ಅಂದದ್ದು ಖರೇ,” ಎಂದಳು ಸಪ್ನಾ. “ನಡಿ, ಅವ ಹಿಂದ ಏನೇನ್ ಹೇಳ್ಯಾನ, ನೋಡೂಣು.”

ಕೆಫೆಯಲ್ಲಿ ಹಳೆಯ ಬರಹಗಳು ತಾರೀಖಿನ ಸಮೇತ ಸಿಕ್ಕವು. ಅವನು ಹೇಳಿದ್ದ ಒಂಬತ್ತು ಶೇರುಗಳ ದರವನ್ನು ಸಪ್ನಾ ಪೇಪರಿನಲ್ಲಿ ಹುಡುಕಿದಳು. ಏರಿದ್ದು ಎರಡು, ಇಳಿದದ್ದು ಏಳು. ರಾಜಾ ಆ ಎರಡನ್ನೇ ಹೇಳಿಕೊಂಡು ಮೆರೆಯುತ್ತಿದ್ದ, ಏಳರ ಸೊಲ್ಲಿಲ್ಲ. ಹೌದೆಂದ ಆರು ಹೆಸರುಗಳಲ್ಲಿ ಐದು ಆ ತಾಣಕ್ಕೆ ಸೇರಿದ್ದು ಒಂದೇ ದಿನ. ಕಂಪನಿಯ ವರದಿ ತೆಗೆದರೆ ಮೂರು ವರ್ಷದಿಂದ ನಷ್ಟ.

“ಅವ ಕಳ್ಳ ಅಂತ ನಾ ಅನ್ನಂಗಿಲ್ಲ,” ಎಂದಳು ಸಪ್ನಾ. “ತಿಳೀದ ಬರಿಯೋರೂ ಇರತಾರ. ಆದ್ರ ತಾವು ಅಗ್ಗಕ್ಕ ತಗೊಂಡು, ನಿನ್ನಂಥವರಿಗೆ ಕೊಳ್ಳಾಕ ಹಚ್ಚಿ ದರ ಏರಿಸಿ, ಮಾರಿ ಜಾಗಾ ಬಿಡೋ ಮಂದಿನೂ ಅದಾರ. ಇಂವ ಯಾವಾಂವ ಅಂತ ಗೊತ್ತಾಗೂದು ಹ್ಯಾಂಗ? ತಿಂಗಳಾಗ ಬೇಕಾಗೋ ರೊಕ್ಕ ಶೇರಿಗೆ ಹಾಕಬಾರದಪ್ಪಾ.”

ಮರುದಿನವೇ ಮಾಲಾಳ ಫೀ ಕಟ್ಟಿಯಾಯಿತು. ಆದರೆ ಆ ಶೇರು ಹತ್ತು ದಿನದಲ್ಲಿ ಐವತ್ತೆರಡಕ್ಕೆ ಏರಿತು! ಸುಳ್ಳೇಕೆ, ಲಕ್ಷ್ಮಣನ ಹೊಟ್ಟೆ ಉರಿಯಿತು. ಎರಡು ದಿನ ಅವನು ಸಪ್ನಾಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅದೇ ಶೇರು ಒಂಬತ್ತು ರೂಪಾಯಿಗೆ ಬಿತ್ತು, ಬುಲ್ ರಾಜಾ ಬರೆಯುವುದನ್ನೇ ನಿಲ್ಲಿಸಿದ. ಅಂಗಡಿಯಲ್ಲಿ ಪೇಪರ್ ಓದುತ್ತಿದ್ದ ಲಕ್ಷ್ಮಣ ಬೆಲ್ಲದ ಪೆಂಟೆಯ ಮೇಲೆ ಕೂತು ಆ ದರವನ್ನು ಮತ್ತೊಮ್ಮೆ ಓದಿದ. 

ಭಾನುವಾರ ರೈಲು ಹತ್ತಿ ಗುಂಜಿಗೆ ಹೋದ.

“ಯವ್ವಾ, ಉಳಿದ್ವಿ. ಆ ಶೇರು ಮಣ್ಣುಗೂಡಿತು.”

“ಅದೆಲ್ಲಾ ನನಗ ಯಾಕಪ್ಪಾ? ಮಾಲಾ ಸಾಲಿಗೆ ಹೋಗಾಕತ್ತಾಳಲ್ಲ?”

“ಹೋಗಾಕತ್ತಾಳ.”

“ಹಂಗಾರ ಆತು. ಕೈಕಾಲು ತೊಳಕೋ, ಉಣ್ಣೂಣು.”

ಅಣ್ಣಂದಿರೇ, ಅಕ್ಕಂದಿರೇ, ಶೇರು ಪೇಟೆ ಕೆಟ್ಟದ್ದೇನಲ್ಲ. ಆದರೆ ಮುಖ ತೋರಿಸದೆ ಸಲಹೆ ಕೊಡುವವನ ಮಾತು ತಪ್ಪಿದರೆ ಅವನಿಗೇನೂ ಹೋಗುವುದಿಲ್ಲ. ಅವನು ಮೊದಲು ಹೇಳಿದ್ದು ಎಷ್ಟು ನಿಜವಾಯಿತು, ನೀವು ಕೊಂಡರೆ ಅವನಿಗೇನು ಲಾಭ, ಕಂಪನಿಯ ಲೆಕ್ಕ ಏನು ಹೇಳುತ್ತದೆ ಎಂದು ವಿಚಾರಿಸಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ನಾಚಿಕೆ ಬೇಡ. ಇವತ್ತೇ ಕೊಳ್ಳಿ, ನಾಳೆ ಸಿಗದು ಎಂದು ಯಾರಾದರೂ ಬೆನ್ನು ಹತ್ತಿದರೆ ಒಂದು ಮಾತು ನೆನಪಿಡಿ: ಅವಸರ ಅವನದು, ರೊಕ್ಕ ನಿಮ್ಮದು.