ಹೊಟ್ಟೆಯ ಮೇಲಿನ ಪುಸ್ತಕ

ಮಗಳು ಸೌಂದರ್ಯಾ ತೀರಿಕೊಂಡು ನಲವತ್ತು ದಿನವಾದರೂ ತಾಯವ್ವನ ಕೊರಳಿನಿಂದ ಸಂಜೆಯ ಮಂಗಳಾರತಿ ಹಾಡು ಹೊರಡಲಿಲ್ಲ. ಲಿಂಗಪೂಜೆ ತಪ್ಪಲಿಲ್ಲ, ದೀಪ ಹಚ್ಚುವುದು ನಿಲ್ಲಲಿಲ್ಲ. ಹಾಡು ಮಾತ್ರ ಎದೆಯಲ್ಲೇ ಕಟ್ಟಿಕೊಂಡಿತ್ತು. ಈ ಮೂಕಪೂಜೆ ದೇವರಿಗೆ ಸಲ್ಲುವುದೋ ಇಲ್ಲವೋ ಎಂಬ ಅಳುಕು ಆಕೆಯನ್ನು ಒಳಗೊಳಗೇ ತಿನ್ನುತ್ತಿತ್ತು.

ಅದಕ್ಕಿಂತ ದೊಡ್ಡ ಮುಳ್ಳೊಂದಿತ್ತು. ಸಾಯುವ ಹಿಂದಿನ ವಾರ ಸೌಂದರ್ಯಾ ನೆಲದ ಮೇಲೆ ಅಂಗಾತ ಮಲಗಿ, ತಾಯಿಯ ತವರಿನಿಂದ ಬಂದ ವಚನಗಳ ದಪ್ಪ ಪುಸ್ತಕವನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಹಾಡಿಗೆ ಬೇಕಾದ ಉಸಿರಿನ ಅಭ್ಯಾಸವೆಂದಳು. ತಾಯವ್ವ ಕೇಳಲಿಲ್ಲ.

"ಶರಣರ ಮಾತು ತಲಿ ಮ್ಯಾಲ ಇಟ್ಕೋಬೇಕು, ಹೊಟ್ಟಿ ಮ್ಯಾಲಲ್ಲ," ಎಂದು ಬೈದಿದ್ದಳು.

ಹುಡುಗಿ ಎದುರಾಡದೆ, ಮುಂದಿನ ವಾರ ಹಾಡಿನ ಪಾಠಕ್ಕೆ ದೋಹಾಕ್ಕೆ ಹೋದಾಗ ಪುಸ್ತಕವನ್ನು ಕಲಿಸುವವರ ಮನೆಯಲ್ಲೇ ಇಟ್ಟಳು. ಅಂದೇ ಅಲ್ಲಿಂದ ಮರಳುವಾಗ ಅವಳಿದ್ದ ಗೆಳತಿಯ ಕಾರು ಉರುಳಿತು.

ಈಗ ಆ ಪುಸ್ತಕ ತರಲೆಂದು ತಾಯವ್ವ ಗಂಡ ನೀಲಕಂಠಪ್ಪನೊಡನೆ ತಾವಿದ್ದ ದುಖಾನ ಊರಿನಿಂದ ದೋಹಾದ ಅಲ್ ಸದ್ದ್ ಬಡಾವಣೆಗೆ ಬಂದಿದ್ದಳು. ಸೌಂದರ್ಯಾಗೆ ಹಾಡು ಕಲಿಸುತ್ತಿದ್ದ ಎಡ್ನಾ ಅಮೆರಿಕದವರು. ಇಪ್ಪತ್ತು ವರ್ಷ ಒಪೆರಾದಲ್ಲಿ, ಮೈಕಿನ ಹಂಗಿಲ್ಲದೆ, ದೊಡ್ಡ ರಂಗಮಂದಿರಗಳು ತುಂಬುವಂತೆ ಹಾಡಿದವರು. ಗಂಟಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಮೇಲಿನ ಸ್ವರಗಳು ಹೋದವು. ಅಂದಿನಿಂದ ಪಿಯಾನೋದ ಮುಂದೆ ಕೂತು ಬೇರೆಯವರ ಕೊರಳು ತಿದ್ದುತ್ತಿದ್ದರು. ಅವರು ಹಾಡಿದ್ದನ್ನು ಇಲ್ಲಿ ಯಾರೂ ಕೇಳಿರಲಿಲ್ಲ.

ಅವರು ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನೀಲಕಂಠಪ್ಪ ಇಂಗ್ಲಿಷಿನಲ್ಲಿ ಹೆಂಡತಿಯ ಮೂಕಪೂಜೆಯ ಸಂಗತಿ ಹೇಳಿದ. ಎಡ್ನಾ ಅವನಿಗೆ ಏನೋ ಹೇಳಿದರು. ಆಮೇಲೆ ಜಮಖಾನದ ಮೇಲೆ ತಾವೇ ಮಲಗಿ, ಪಕ್ಕದ ಜಾಗ ತೋರಿಸಿದರು.

"ನೀನೂ ಮಕ್ಕೋ ಅಂತಾರ," ಎಂದ ನೀಲಕಂಠಪ್ಪ. "ದನಿ ಹೋದಾಗ ಇವರೂ ಹಿಂಗ ಉಸಿರಿಂದ ಶುರು ಮಾಡಿದ್ರಂತ."

"ಪುಸ್ತಕಾ ಹೊಟ್ಟಿ ಮ್ಯಾಲೇನ್ರಿ?"

"ಬ್ಯಾರೆ ಪುಸ್ತಕಾ ಕೊಟ್ರ ನಿನ್ನ ಮಗಳು ಒಲ್ಲೆ ಅಂತಿದ್ಲಂತ. ಇದು ಇದ್ರ ಅವ್ವ ಕೈ ಇಟ್ಟಂಗ ಆಗತದ ಅಂದಿದ್ಲಂತ."

ತಾಯವ್ವ ಮಲಗಿ ಪುಸ್ತಕವನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ನೀಲಕಂಠಪ್ಪ ಕಿಟಕಿಯ ಕಡೆ ತಿರುಗಿ ನಿಂತ. ಪುಸ್ತಕ ಮೆಲ್ಲನೆ ಏರಿತು, ಇಳಿಯಿತು. ಮೊದಲು ಬಂದದ್ದು ಅಳು. ಆ ಅಳುವಿನ ತಳದಲ್ಲಿ ಸಣ್ಣದೊಂದು ದನಿ ಎಳೆಎಳೆಯಾಗಿ ಹೊರಟಿತು. ಎಡ್ನಾ ಎದ್ದು ಪಿಯಾನೋದ ಒಂದೇ ಸ್ವರದ ಮನೆ ಒತ್ತಿ, ಅದೇ ಸ್ವರ ಹಿಡಿದು, ಒಡೆದ ಕೊರಳಿನಲ್ಲಿ ಜೊತೆಗೂಡಿದರು.

ಅಂದು ಸಂಜೆ ದುಖಾನದಲ್ಲಿ ದೀಪದ ಮುಂದೆ ತಾಯವ್ವ ಆ ಸ್ವರ ನೆನೆದು ಮಂಗಳಾರತಿ ಎತ್ತಿಕೊಂಡಳು. ಎರಡು ಸಾಲಿಗೇ ಹಾಡು ನಿಂತಿತು. ಉಳಿದದ್ದಕ್ಕೆ ನೀಲಕಂಠಪ್ಪ ಗಂಟೆ ಬಾರಿಸಿದ. ಆಕೆ ಪುಸ್ತಕವನ್ನು ದೇವರ ಜಗಲಿಗೇರಿಸದೆ ತನ್ನ ದಿಂಬಿನ ಪಕ್ಕದಲ್ಲಿಟ್ಟುಕೊಂಡಳು.