ಹತ್ತು ವರ್ಷ ಕತ್ತರಿಸಿದ ದರ್ಜಿ

ದರ್ಜಿಯ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸುವುದೇ ಸಾಹಸವಾಗಿತ್ತು. ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ. ಆದರೂ ಆಪರೇಷನ್ ಎಂದರೆ ಮುಖ ತಿರುಗಿಸುತ್ತಿದ್ದ.

"ಮೊದಲು ದುಡ್ಡು ನಾವು ಕಟ್ಟಬೇಕು, ಆಮೇಲೆ ವಿಮೆಯವರ ಬಾಗಿಲು ತಟ್ಟಬೇಕು. ಆ ಅಲೆದಾಟ ನಂಗೆ ಬೇಡಮ್ಮ."

ಸೊಸೆ ಕಣ್ಣಾಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸಕ್ಕಿದ್ದಳು. "ಅದೆಲ್ಲ ಹಳೇ ಮಾತು ಮಾವ. ಈಗ ನಮ್ಮ ಕಂಪ್ಯೂಟರಿಂದಲೇ ಅವರಿಗೆ ವಿವರ ಹೋಗುತ್ತೆ. ಒಪ್ಪಿಗೆ ಹಾಗೇ ಬರುತ್ತೆ, ದುಡ್ಡು ನೇರ ಆಸ್ಪತ್ರೆಗೆ."

"ಸೀಲು ಹೊಡೆದ ಕಾಗದ ಇಲ್ದೆ ಯಾರು ನಂಬ್ತಾರೆ? ಗಾಳೀಲಿ ಹೋಗಿದ್ದು ಗಾಳಿಪಾಲು!"

ಅಂತೂ ಗೊಣಗುತ್ತಲೇ ಆಸ್ಪತ್ರೆಗೆ ಬಂದ. ನೋಂದಣಿಯ ಸಾಲಿನಲ್ಲಿ ಹಿಂದೆಯೇ ಬ್ಯಾಂಡ್ ಮೇಷ್ಟ್ರು. ತಂಡದ ಸಮವಸ್ತ್ರವನ್ನೆಲ್ಲ ಇವನ ಕೈಯಲ್ಲೇ ಹೊಲಿಸುವವರು. ಮುದುಕ ಅಂತ ಗೊತ್ತಾದರೆ ಯಾರು ಬಟ್ಟೆ ಕೊಡುತ್ತಾರೆ? ಹುಟ್ಟಿದ ವರ್ಷ ಕೇಳಿದಾಗ ಎದೆಯುಬ್ಬಿಸಿ ವಯಸ್ಸಿನಲ್ಲಿ ಹತ್ತು ವರ್ಷ ಕತ್ತರಿಸಿಯೇ ಹೇಳಿದ.

ತುಸು ಹೊತ್ತಿಗೆ ಸೊಸೆ ಬಂದಳು. "ವಿಮೆಯವರು ವಿವರ ವಾಪಸ್ ಕಳಿಸಿದ್ದಾರೆ ಮಾವ. ಒಪ್ಪಿಗೆ ಬರದಿದ್ರೆ ಇವತ್ತು ಆಪರೇಷನ್ ಇಲ್ಲ."

"ನಾನು ಬಡ್ಕೊಂಡೆನಲ್ಲ!"

"ಕಾರಣಾನೂ ಬರೆದಿದ್ದಾರೆ. ನೀವು ಹೇಳಿದ ವರ್ಷ ವಿಮೆ ಕಾರ್ಡಿನ ವರ್ಷಕ್ಕೆ ತಾಳೆ ಆಗ್ತಿಲ್ಲ. ಅಳತೆ ತಪ್ಪು ಕೊಟ್ಟು ಕೋಟು ಬಿಗಿ ಅಂದ್ರೆ, ತಪ್ಪು ದರ್ಜಿದಾ?"

ದರ್ಜಿ ಹಿಂದೆ ನೋಡಿದ. ಮೇಷ್ಟ್ರ ಕಿವಿ ನೆಟ್ಟಗಾಗಿತ್ತು. ಆದರೆ ಸುಳ್ಳು ವಯಸ್ಸು ಸೂಜಿಗೆ ದಾರ ಪೋಣಿಸುವುದಿಲ್ಲವಲ್ಲ.

"ಎಪ್ಪತ್ತೊಂದು," ಎಂದ, ಇಡೀ ಸಾಲಿಗೆ ಕೇಳುವಂತೆ.

"ಎಪ್ಪತ್ತೊಂದಾ! ಈ ವಯಸ್ಸಲ್ಲೂ ಅಂಥಾ ಹೊಲಿಗೆನಾ?" ಮೇಷ್ಟ್ರು ಬೆರಗಾದರು. "ಜೇಬು ಮಾತ್ರ ಈ ಸಲ ಬೆನ್ನಿನ ಹತ್ರ ಹೋಗಿತ್ತು. ಬೇಗ ಕಣ್ಣು ಸರಿ ಮಾಡಿಸ್ಕೊಳ್ಳಿ, ಹೊಸ ಬಟ್ಟೆ ನಿಮಗೇ ಕಾಯ್ತಿದೆ!"

ಸೊಸೆ ತಿದ್ದಿ ಮತ್ತೆ ಕಳಿಸಿದಳು. ಅವನು ಕೂತು ಬೆವರೊರೆಸಿಕೊಳ್ಳುವಷ್ಟರಲ್ಲಿ ಒಪ್ಪಿಗೆ ಬಂತು. ಅಂದೇ ಆಪರೇಷನ್ನೂ ಆಯಿತು.

ಕಣ್ಣು ವಾಸಿಯಾದ ಮೇಲೆ ದಾರ ಒಂದೇ ಸಲಕ್ಕೆ ಸೂಜಿಯೊಳಗೆ! ಈಗ ಅಂಗಡಿಗೆ ಬಂದವರಿಗೆಲ್ಲ ಅಳತೆಗೂ ಮೊದಲು ಇದೇ ಮಾತು: "ನಂಗೆ ಎಪ್ಪತ್ತೊಂದು. ಆ ಆಸ್ಪತ್ರೆಯಿಂದ ವಿಮೆಯವರಿಗೆ ವಿವರ ಕಳಿಸೋಳು ಯಾರು ಗೊತ್ತಾ? ನಮ್ಮ ಸೊಸೆ!"

ನೀವೂ ಚಿಕಿತ್ಸೆಗೆ ಮೊದಲೇ ಬಿಲ್ಲಿಂಗ್ ಕೌಂಟರಿಗೆ ಹೋಗಿ, ವಿಮೆಯ ವಿವರ ಅಲ್ಲಿಂದಲೇ ಕಳಿಸುತ್ತಾರೆಯೇ ಕೇಳಿ. ಹೆಸರು, ಹುಟ್ಟಿದ ದಿನ ಕಾರ್ಡಿನಲ್ಲಿರುವಂತೆಯೇ ಹೇಳಿ. ವಾಪಸ್ ಬಂದರೆ ಕೈಚೆಲ್ಲಬೇಡಿ. ಕಾರಣ ಕೇಳಿ, ತಿದ್ದಿಸಿ, ಮತ್ತೆ ಕಳಿಸಲು ಹೇಳಿ. ವಯಸ್ಸನ್ನಂತೂ ಮುಚ್ಚಿಡಬೇಡಿ. ಅದು ನೀವು ದುಡಿದು ಗಳಿಸಿದ್ದು.