ಬೀಳಲು ಕಲಿತವನು

ದೇವರು ಕೆಲವರನ್ನು ಮಾಡುವಾಗ ಮಣ್ಣು ಹೆಚ್ಚು ಹಾಕಿ ನೀರು ಕಡಿಮೆ ಮಾಡುತ್ತಾನಂತೆ. ಕಂಬಣ್ಣ ಅಂಥವನು. ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದಷ್ಟು ಕಾಲವೂ ಅವನ ಬೆನ್ನು ರಿಂಗಿನ ನೆಲ ಮುಟ್ಟಲಿಲ್ಲ. ಮೂಗು ಮುರಿದಿತ್ತು, ಹುಬ್ಬು ಹರಿದಿತ್ತು, ಒಂದು ಕಿವಿ ಒಣಗಿದ ಅಣಬೆಯ ಹಾಗೆ ಮುದುರಿಕೊಂಡಿತ್ತು. ಬಿದ್ದದ್ದು ಮಾತ್ರ ಇಲ್ಲ. ಹೆಸರು ಬಂದದ್ದೇ ಹಾಗೆ. ಅವನಿಗೆ ಹಾಗೆ ನಿಲ್ಲಲು ಕಲಿಸಿದ ಗುರು ಅವನ ಹೆಂಡತಿಯ ಅಣ್ಣನೇ. ಊರಿಗೆಲ್ಲ ಗುರುವಾದವನು ಕಂಬಣ್ಣನಿಗೆ ಭಾವ.

ಈಗ ಕಂಬಣ್ಣ ಐಸ್ ಕಾರ್ಖಾನೆಯ ಗೇಟು ಕಾಯುತ್ತಿದ್ದ. ಆ ಕಾಲದಲ್ಲಿ ತಿಂದ ಪೆಟ್ಟುಗಳೆಲ್ಲ ಈಗ ತಲೆಯೊಳಗೆ ಹೊಗೆಯಾಗಿ ತುಂಬಿಕೊಳ್ಳುತ್ತಿದ್ದವು. ಒಳಗೆ ಬಿಟ್ಟ ಲಾರಿಯನ್ನೇ ಹೊರಗೆ ಹುಡುಕುತ್ತಿದ್ದ. ಮಗಳಿಗೆ ಮದುವೆಯಾದದ್ದು ಮರೆತಿದ್ದ. ಆದರೆ ಯಾರಾದರೂ ‘ಚಾಂಪಿಯನ್’ ಅಂದರೆ ಸಾಕು, ಎದ್ದು ನಿಂತು, “ನಾನು ಬಿದ್ದಿಲ್ಲ ಸ್ವಾಮಿ, ಬೇಕಾದ್ರೆ ಯಾರನ್ನಾದ್ರೂ ಕೇಳಿ” ಎನ್ನುತ್ತಿದ್ದ. ಅಷ್ಟು ಉಳಿದಿತ್ತು. ಹೆಂಡತಿ ಅದೊಂದನ್ನು ಗಾಳಿಗೆ ಅಂಗೈ ಅಡ್ಡ ಹಿಡಿದ ದೀಪದಂತೆ ಕಾಪಾಡಿಕೊಂಡು ಬಂದಿದ್ದಳು.

ಗುರುವಿನ ಬಾಕ್ಸಿಂಗ್ ಶಾಲೆಯ ಮೆಟ್ಟಿಲ ಕೆಳಗೆ ಬೀಗ ರಿಪೇರಿಯ ಅಂಗಡಿ. ಅಲ್ಲಿ ಬೀಗಕ್ಕಿಂತ ಬಾಯಿ ತೆರೆಯುವುದೇ ಹೆಚ್ಚು.

“ಕಂಬಣ್ಣನ ಕಾಲದಲ್ಲಿ ಹದಿನೈದು ಸುತ್ತು ಕಣ್ರೀ. ಆಮೇಲಿನವರು ಹನ್ನೆರಡಕ್ಕೇ ನಾಲಿಗೆ ಹೊರಗೆ ಹಾಕ್ತಾರೆ,” ಎನ್ನುತ್ತಿದ್ದ ಬೀಗದವನು.

“ಆಗ ಎದುರಿಗೆ ನಿಲ್ಲೋರು ಯಾರಿದ್ರು? ಮೂಟೆ ಹೊರೋರು, ಮಾಂಸ ಕಡಿಯೋರು. ನಮ್ಮ ಪಾದರಸನ ಮುಂದೆ ನಿಲ್ಲಿಸಿ ನೋಡಿ,” ಎನ್ನುತ್ತಿದ್ದ ಬಸ್ ಕಂಡಕ್ಟರ್. ಪಾದರಸ ಅಂದರೆ ಕಂಬಣ್ಣನಿಗಿಂತ ಇಪ್ಪತ್ತು ವರ್ಷ ಈಚಿನ ಚಾಂಪಿಯನ್. “ನಿಮ್ಮ ಕಂಬ ಕೈ ಎತ್ತೋ ಹೊತ್ತಿಗೆ ಇವನು ಹೊಡೆದು, ಮನೆಗೆ ಹೋಗಿ, ಊಟ ಮುಗಿಸಿ ವಾಪಸ್ ಬಂದಿರ್ತಾನೆ!”

“ನಿಮ್ಮ ಪಾದರಸನ ಕಾಲದ ಗ್ಲೌಸು ತಲೆದಿಂಬು ಇದ್ದ ಹಾಗೆ. ಅದರಲ್ಲಿ ಹೊಡೆದ್ರೆ ನಿದ್ದೆ ಬರುತ್ತೆ, ಅಷ್ಟೆ.”

“ನಿದ್ದೆ ಬರಿಸೋದೇ ಅಲ್ವೇನ್ರೀ ಇದರಲ್ಲಿ ಕೆಲಸ?”

ಗುರು ಮೆಟ್ಟಿಲ ಮೇಲಿಂದ ಗದರುತ್ತಿದ್ದ. “ಅಜ್ಜನ ಹಸಿವು, ಮೊಮ್ಮಗನ ಹಸಿವು ಎರಡನ್ನೂ ತೂಗೋ ತಕ್ಕಡಿ ದೇವರ ಹತ್ತಿರ ಮಾತ್ರ ಇರೋದು. ನಿಮ್ಮ ಕೆಲಸ ನೋಡ್ಕೊಳ್ರಯ್ಯಾ.” ಆದರೆ ಒಳಗೊಳಗೇ ಆ ತಕ್ಕಡಿಯ ಮುಳ್ಳು ತನ್ನ ಶಿಷ್ಯನ ಕಡೆಗೇ ವಾಲುವುದನ್ನು ಸಾಯುವ ಮುಂಚೆ ಒಮ್ಮೆ ನೋಡಬೇಕೆಂಬ ಆಸೆ. ಎಷ್ಟು ಧ್ಯಾನ ಮಾಡಿದರೂ ಆ ಆಸೆ ಹೋಗಿರಲಿಲ್ಲ.

ಒಂದು ದಿನ ಸಿನಿಮಾದವನೊಬ್ಬ ಆ ತಕ್ಕಡಿಯನ್ನೇ ತಂದೆನೆನ್ನುವಂತೆ ಕಂಬಣ್ಣನ ಮನೆಗೆ ಬಂದ. “ಕಂಬಣ್ಣ, ಪಾದರಸ ಇಬ್ಬರ ತೂಕ, ತೋಳಿನ ಉದ್ದ, ಕೊಟ್ಟ ಪೆಟ್ಟು, ತಿಂದ ಪೆಟ್ಟು ಎಲ್ಲಾ ಕಂಪ್ಯೂಟರಿಗೆ ಹಾಕ್ತೀವಿ. ಯಾರು ಗೆಲ್ತಾರೆ ಅಂತ ಅದೇ ಹೇಳುತ್ತೆ. ಇವರಿಬ್ಬರೂ ಕ್ಯಾಮೆರಾ ಮುಂದೆ ಆಡಿ ತೋರಿಸಿದ್ರೆ ಸಾಕು. ಗುಟ್ಟು ಒಡೆಯಬಾರದಲ್ಲ, ಅದಕ್ಕೇ ಎರಡೂ ಥರದ ಕೊನೆ ತೆಗೀತೀವಿ. ಒಂದರಲ್ಲಿ ಅವರು ಬೀಳ್ತಾರೆ, ಇನ್ನೊಂದರಲ್ಲಿ ಇವರು.”

ಕಂಬಣ್ಣನ ಹೆಂಡತಿಯಾದ ತಂಗಿ ಗುರುವನ್ನು ಅಡುಗೆಮನೆಗೆ ಕರೆದಳು. “ಅಣ್ಣಾ, ಬೇಡ. ಅವರಿಗೆ ಬೀಳೋಕೆ ಬರಲ್ಲ.”

“ಆಟಕ್ಕೆ ಕಣೇ. ಕೈಗೆ ಗ್ಲೌಸ್ ಬಂದ್ರೆ ಅವನ ಮುಖ ಹೇಗಾಗುತ್ತೆ ನೋಡು.”

“ಆಟ ಯಾವುದು, ನಿಜ ಯಾವುದು ಅಂತ ಆಮೇಲೆ ನೀನು ಬಂದು ಹೇಳಿಕೊಡ್ತೀಯಾ?”

ಗುರುವಿಗೆ ಆಸೆಯೇ ಹೆಚ್ಚಾಯಿತು. ಅವನು ಹೊರಗೆ ಹೋಗಿ ಸಿನಿಮಾದವನಿಗೆ ಒಪ್ಪಿಗೆ ಕೊಟ್ಟ.

ಬಾಕ್ಸಿಂಗ್ ಶಾಲೆಯಲ್ಲಿ ಹಾಸಿಗೆ ಹಾಸಿ ಪಾಠ ಶುರುವಾಯಿತು. ತಳ್ಳಿದರೆ ಕಂಬಣ್ಣನ ಹಿಂಗಾಲು ತಾನಾಗಿಯೇ ಹಿಂದೆ ಸರಿದು ಬೇರು ಬಿಡುತ್ತಿತ್ತು. ಯಾವ ಹೊಡೆತಕ್ಕೆ ಬೀಳಬೇಕೆಂದು ಹೇಳಿದರೆ ಮರುಗಳಿಗೆಗೆ ಮರೆಯುತ್ತಿದ್ದ. ಕೊನೆಗೆ ಗುರು ಒಂದು ಉಪಾಯ ಹೂಡಿದ. “ಹೊಡೆತ ಎಲ್ಲಾ ಬಿಡು. ನಾನು ಚಪ್ಪಾಳೆ ತಟ್ಟಿದ್ರೆ ಬೀಳಬೇಕು. ರೆಫರಿ ಹತ್ತು ಎಣಿಸಿ ಮುಗಿಸೋ ತನಕ ಏಳಬಾರದು.”

ತಟ್ಟಿ ತಟ್ಟಿ ಗುರುವಿನ ಅಂಗೈ ಕೆಂಪಾಯಿತು. ಕಂಬಣ್ಣ ಮೊಣಕಾಲೂರುವವರೆಗೆ ಬಂದ, ಆಮೇಲೆ ಪಕ್ಕೆ, ಆಮೇಲೆ ಬೆನ್ನು. ಆದರೆ ನಾಲ್ಕು ಎಣಿಸುವಷ್ಟರಲ್ಲಿ ಚಂಗನೆ ಏಳುತ್ತಿದ್ದ. ಗುರು ಎದೆಯ ಮೇಲೆ ಕೈ ಒತ್ತಿ ಹಿಡಿಯಬೇಕಾಯಿತು.

“ಬಿಡು ಭಾವ, ಮಾನ ಹೋಗುತ್ತೆ.”

“ನಾನು ಹೇಳ್ತಿದೀನಲ್ಲೋ. ಮಲಗು.”

ಒಂದು ಬೆಳಿಗ್ಗೆ ಚಪ್ಪಾಳೆಯ ಸದ್ದು ಗೋಡೆಗೆ ತಾಗುವ ಮುಂಚೆಯೇ ಆ ದೊಡ್ಡ ಮೈ ಬುಡ ಕಡಿದ ಮರದಂತೆ ಉರುಳಿತು. ಹತ್ತು ಎಣಿಸಿದರೂ ರೆಪ್ಪೆ ಅಲುಗಲಿಲ್ಲ. “ಭೇಷ್!” ಎಂದುಬಿಟ್ಟ ಗುರು. ಆ ಬಾಯಿಂದ ಆ ಮಾತು ಕೇಳಿ ಕಂಬಣ್ಣನಿಗೆ ಯಾವ ಕಾಲವಾಗಿತ್ತೋ. ಹಾಸಿಗೆಯ ಮೇಲೆ ಮಲಗಿದ್ದಂತೆಯೇ ಅವನ ಮುರಿದ ಮುಖ ಅರಳಿತು. ಅಂದಿನಿಂದ ಒಂದು ಸಲವೂ ತಪ್ಪಲಿಲ್ಲ.

ಚಿತ್ರೀಕರಣ ಖಾಲಿ ಸಭಾಂಗಣದಲ್ಲಿ ಸುಸೂತ್ರವಾಗಿ ನಡೆಯಿತು. ಪಾದರಸನಿಗೂ ಈಗ ಹೊಟ್ಟೆ ಬಂದಿತ್ತು; ಮುಟ್ಟಿದರೂ ಮುಟ್ಟದ ಹಾಗೆ ಹೊಡೆದು, “ನೋವಾಯ್ತಾ ಅಣ್ಣಾ?” ಎಂದು ಕೇಳುತ್ತಿದ್ದ. ಎರಡೂ ಕೊನೆಗಳು ಮುಗಿದವು. ಅದಾದ ವಾರದಲ್ಲಿ ತಂಗಿ ಕಿಟಕಿಯ ಮೇಲಿನ ಪಾರಿವಾಳ ಓಡಿಸಲು ಚಪ್ಪಾಳೆ ತಟ್ಟಿದಾಗ ಕಂಬಣ್ಣ ಊಟದ ಮಣೆ ಬಿಟ್ಟು ನೆಲಕ್ಕೊರಗಿದ. ಅವಳು ಓಡಿಬಂದು ಹೇಳಿದಳು. “ಹೊಸ ಪಾಠ ಅಲ್ವೇನೇ? ದಿನ ಕಳೆದ್ರೆ ಬಿಟ್ಟುಹೋಗುತ್ತೆ,” ಎಂದ ಗುರು.

ಚಿತ್ರ ಬಿಡುಗಡೆಯ ಮಧ್ಯಾಹ್ನ ತಂಗಿ ಬಾಗಿಲಿಗೆ ಅಡ್ಡ ನಿಂತಳು. ಗುರು ಕಂಬಣ್ಣನಿಗೆ ತಾನೇ ಕೋಟು ತೊಡಿಸಿ ಕರೆದುಕೊಂಡು ಹೋದ. ಅವಳು ಹಿಂದಿನಿಂದ ಬಂದಳು. ಥಿಯೇಟರು ತುಂಬಿತ್ತು. ಬೀಗದವನು, ಕಂಡಕ್ಟರು, ಎಲ್ಲರೂ ಇದ್ದರು. ಪರದೆಯ ಮೇಲೆ ಸುತ್ತುಗಳು ಒಂದೊಂದಾಗಿ ಉರುಳಿದವು. ಹದಿಮೂರನೆಯದರಲ್ಲಿ ಪಾದರಸ ಬಿದ್ದ. ಎಣಿಕೆ ಮುಗಿಯಿತು. ಕಂಪ್ಯೂಟರು ಕಂಬಣ್ಣನನ್ನೇ ಆರಿಸಿತ್ತು.

ದೀಪ ಹತ್ತಿತು. “ಇಲ್ಲೇ ಇದಾರೆ! ಕಂಬಣ್ಣ ಇಲ್ಲೇ ಇದಾರೆ!” ಎಂದು ಬೀಗದವನು ಕೂಗಿದ. ಗುರು ಕಣ್ಣೊರೆಸಿಕೊಳ್ಳುತ್ತ ಶಿಷ್ಯನ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದ. ಇಡೀ ಥಿಯೇಟರು ಎದ್ದು ಚಪ್ಪಾಳೆ ತಟ್ಟಿತು.

ಕಂಬಣ್ಣ ಬಿದ್ದ. ಹಿಡಿದ ಕೈಯಿಂದ ಜಾರಿ, ಕುರ್ಚಿಯ ಅಂಚಿಗೆ ತಲೆ ಬಡಿದು, ನಡುದಾರಿಯಲ್ಲಿ ಅಂಗಾತ ಬಿದ್ದ. ಜನ ತಮಾಷೆಯೆಂದುಕೊಂಡು ನಕ್ಕು ಇನ್ನೂ ಜೋರಾಗಿ ತಟ್ಟಿದರು. “ನಿಲ್ಲಿಸ್ರೋ! ತಟ್ಟಬೇಡ್ರೋ!” ಎಂದು ತಂಗಿ ಕಿರುಚಿದ್ದು ಆ ಸದ್ದಿನಲ್ಲಿ ಮುಳುಗಿಹೋಯಿತು. ಗುರು ಮಂಡಿಯೂರಿದ. ಹುಬ್ಬಿನ ಹಳೆಯ ಗಾಯ ಬಿಚ್ಚಿ ರಕ್ತ ಇಳಿಯುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಕಂಬಣ್ಣ ಪಿಸುಗುಟ್ಟಿದ: “ಸರಿಯಾಗಿ ಬಿದ್ದೆನಾ ಭಾವ?”

ಗುರುವಿನ ಬಾಯಿಂದ ಭೇಷ್ ಬರಲಿಲ್ಲ. ಅಂಗೈಯನ್ನು ಆ ಗಾಯದ ಮೇಲೆ ಒತ್ತಿ ಹಿಡಿದ.

ಆಮೇಲೆ ಗೇಟಿನ ಕೆಲಸ ಹೋಯಿತು. ಲಾರಿಯವರು ಮೋಜಿಗೆ ಚಪ್ಪಾಳೆ ತಟ್ಟಿ ತಟ್ಟಿ ಬೀಳಿಸುತ್ತಿದ್ದುದೇ ಅದಕ್ಕೆ ಕಾರಣ. ಯಾರಾದರೂ ‘ಚಾಂಪಿಯನ್’ ಅಂದರೆ ಅವನು ಈಗ ನೆಲ ನೋಡುತ್ತ, ಎಲ್ಲಿ ಬೀಳಲಿ ಎಂದು ಜಾಗ ಹುಡುಕುತ್ತಿದ್ದ. ಅಂಗಡಿಯಲ್ಲಿ ವಾದ ಮಾತ್ರ ನಿಂತಿರಲಿಲ್ಲ. “ಕಂಪ್ಯೂಟರಿಗೇನ್ರೀ ಗೊತ್ತು ಬಾಕ್ಸಿಂಗು?” ಎಂದು ಕಂಡಕ್ಟರ್ ಹೊಸದಾಗಿ ಶುರುಮಾಡಿದ್ದ.

ಗುರು ದಿನಾ ಬೆಳಿಗ್ಗೆ ತಂಗಿಯ ಮನೆಗೆ ಬಂದು ಪಾಠ ಮರೆಸಲು ಕುಳಿತ. ಒಂದು ಕೈಯನ್ನು ತೊಡೆಗೆ ಮೆಲ್ಲಗೆ ತಟ್ಟುತ್ತ, ಇನ್ನೊಂದು ಕೈಯಿಂದ ಅವನ ಸೊಂಟ ಬಳಸಿ, “ನಿಲ್ಲೋ. ಬೀಳಬೇಡ. ನಿಲ್ಲೋ ನಮ್ಮಪ್ಪಾ,” ಎಂದು ಬೇಡಿಕೊಳ್ಳುತ್ತಿದ್ದ. ಆ ಭಾರ ಮುದುಕನ ಕೈಯೊಳಗೆ ಕುಸಿಯುತ್ತಿತ್ತು. ಇಬ್ಬರೂ ನೆಲಕ್ಕೆ ಬರುತ್ತಿದ್ದರು. ಕಂಬಣ್ಣ ಹತ್ತರವರೆಗೆ ಕಣ್ಣು ಬಿಡುತ್ತಿರಲಿಲ್ಲ.

ಒಂದು ದಿನ ತಂಗಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಅಣ್ಣನನ್ನು ಎಬ್ಬಿಸಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಸಾಕು ಬಿಡಣ್ಣ. ನೀನು ಕಲಿಸಿದ್ದನ್ನ ಅವರು ಯಾವತ್ತು ಮರೆತಿದ್ದಾರೆ?”

ಗುರು ಗೋಡೆಯ ಕಡೆ ತಿರುಗಿದ. ದಿನವೂ ಆ ಹೊತ್ತಿಗೆ ದೇವರಿಗೊಮ್ಮೆ ಕೈ ಮುಗಿಯುವುದು ರೂಢಿ. ಎರಡು ಕೈಗಳೂ ಮೇಲೆದ್ದವು. ಅಂಗೈಗಳು ಕೂಡುವ ಸದ್ದಾದೀತೆಂದು ಹೆದರಿ ಅವನು ಅವನ್ನು ನಡುವೆಯೇ ನಿಲ್ಲಿಸಿದ. ಏನು ಬೇಡಬೇಕೆಂದೂ ತೋಚದೆ, ಮಲಗಿದವನ ಪಕ್ಕದಲ್ಲಿ ಹಾಗೇ ನಿಂತುಕೊಂಡ.